ಬಾಕಿ ಉಳಿದ ಅಳತೆ

"ಬೆಲ್ಟು ಆಮೇಲಮ್ಮ, ಮೊದಲು ನೆಲ ನೋಡಿ"
ಅಂದ ಜಬೀವುಲ್ಲಾ ಕಾರ್ಪೆಟ್ಟು ಎತ್ತಿ
ಸ್ಕ್ರೂಡ್ರೈವರಿನ ತುದಿ ಒತ್ತಿದ.
ಹಪ್ಪಳದ ಹಾಗೆ ಮುರಿಯಿತು ತಗಡು.
ಕೆಳಗೆ ಜೆ.ಸಿ. ರಸ್ತೆಯ ಎಣ್ಣೆಗಪ್ಪು ಮಣ್ಣು,
ಒಂದು ಬೀಡಿ ತುಂಡು, ಯಾರದೋ ನಟ್ಟು.

ಐವತ್ತೆಂಟರ ಫಿಯೆಟ್ಟು. ಚಿಕ್ಕಪೇಟೆಯ ನಮ್ಮ ಅಂಗಡಿಗೆ
ಮೂರು ವರ್ಷದ ಸೂಟುಗಳ ಬಾಕಿಗೆ ಬದಲಾಗಿ
ಗಿರಾಕಿಯೊಬ್ಬ ಬಿಟ್ಟುಹೋದದ್ದು.
ಒಳಗೆಲ್ಲ ಕಬ್ಬಿಣ. ಡ್ಯಾಶ್‌ಬೋರ್ಡು ಕಬ್ಬಿಣ,
ತಲೆಗೆ ಒರಗಿಲ್ಲ, ಸ್ಟಿಯರಿಂಗಿನ ಕಂಬ
ನೆಟ್ಟಗೆ ಎದೆಗೆ ಗುರಿಯಿಟ್ಟ ಈಟಿ.
ಮುಂದಿನ ಬಾಗಿಲುಗಳು ಗಾಳಿಗೆ ಎದುರಾಗಿ ತೆರೆಯುತ್ತವೆ,
ಬೀರುವಿನ ಹಾಗೆ.
ಅಪ್ಪ ಓಡಿಸುವಾಗ ಕಾರಿನಲ್ಲಿದ್ದ ಪಟ್ಟಿ ಒಂದೇ:
ಕೊರಳಲ್ಲಿ ಜೋತ ಅಳತೆಯ ಟೇಪು.

ಎಪ್ಪತ್ತೊಂದರಲ್ಲಿ, ಮಿನರ್ವ ತಿರುವಿನಲ್ಲಿ,
ಬಾಗಿಲು ಹಾರಿ ತೆರೆದು ಅಮ್ಮ ಬಿದ್ದಳು.
ಮಡಿಲಲ್ಲಿದ್ದ ಕಡಲೆಕಾಯಿ ಪೊಟ್ಟಣವೂ ಬಿತ್ತು.
ಅಪ್ಪ ಮೂರು ಅಂಗಡಿ ಮುಂದೆ ಹೋದ ಮೇಲೆ
"ಏನಂತೀ?" ಅಂತ ಪಕ್ಕಕ್ಕೆ ತಿರುಗಿದರಂತೆ.
ಈ ಕತೆಗೆ ನಾವು ಎಷ್ಟು ದೀಪಾವಳಿ ನಕ್ಕಿದ್ದೇವೆ!
ಅಮ್ಮನೇ ಹೇಳುವಳು, ಎದ್ದು ನಿಂತು, ಅಭಿನಯಿಸಿ:
"ಸೀರೆ ಕೊಡವಿಕೊಂಡೆ, ಕಡಲೆಕಾಯಿ ಆರಿಸಿಕೊಂಡೆ,
ಹಿಂದೆ ಬರ್ತಿದ್ದ ಜಟಕಾದವನು ಬೈದ."
ಅಪ್ಪ ಆಗೆಲ್ಲ ಸೂಜಿಗೆ ದಾರ ಪೋಣಿಸುತ್ತಿದ್ದರು,
ಈಗ ನೆನಪಾಗುತ್ತದೆ.
ಜಟಕಾ ಅಲ್ಲದೆ ಬಸ್ಸು ಬಂದಿದ್ದರೆ
ಎನ್ನುವ ಸಾಲನ್ನು ಕತೆಗೆ ಯಾರೂ ಸೇರಿಸಲಿಲ್ಲ.

ಎರಡು ದಿನ ತಗಡು ಕತ್ತರಿಸಿದ, ಬೆಸೆದ ಜಬೀವುಲ್ಲಾ.
ಬೋಲ್ಟಿನ ಅಡಿಗೆ ಅಂಗೈಯಗಲದ ಉಕ್ಕಿನ ಬಿಲ್ಲೆ.
"ಇಲ್ಲಾಂದ್ರೆ ಗೆಣಸಿನ ಥರ ಕಿತ್ಕೊಂಡ್ ಬರುತ್ತೆ."
ಬಾಗಿಲ ಕಂಬಕ್ಕೆ ಕೊಂಡಿ, ಬಾಗಿಲಿಗೆ ಎರಡನೇ ಚಿಲಕ.
ಭಾನುವಾರದ ಹಳೇ ಕಾರಿನ ಗೆಳೆಯರು ಮೂಗು ಮುರಿದರು:
ಅಸಲಿತನ ಹೋಯ್ತಲ್ರೀ, ಇನ್ನು ಬಹುಮಾನ ಸಿಗಲ್ಲ.
ಅಮ್ಮನ ಮೊಣಕೈ ಮೇಲಿನ ಕಲೆ ತೋರಿಸಿದೆ.
ಇದು ಅಸಲಿ, ಎಪ್ಪತ್ತೊಂದರ ಮಾಡೆಲ್ಲು.

ಎಂಬತ್ತೇಳರ ಅಪ್ಪ ಸ್ಟೂಲಿನಲ್ಲಿ ಕೂತು
ಪಟ್ಟಿಯನ್ನು ಬೆಳಕಿಗೆ ಹಿಡಿದರು. ಹೊಲಿಗೆಯ ಮೇಲೆ
ಹೆಬ್ಬೆರಳಿನ ಉಗುರು ಆಡಿಸಿ ಎಣಿಸಿದರು.
ಚೌಕ, ಅದರೊಳಗೆ ಕತ್ತರಿ ಗುರುತು, ಮತ್ತೆ ಚೌಕ.
"ಇವನ್ಯಾರೋ ಕಲಿತವನು."
ಇನ್ನೊಬ್ಬರ ಹೊಲಿಗೆಗೆ ಅವರು ಕೊಟ್ಟ ಮೊದಲ ಶಾಭಾಸು.

ಆಮೇಲೆ ಎದ್ದರು. ಸೀಟಿನಲ್ಲಿ ಕೂತ ಅಮ್ಮನ
ಎಡಭುಜದಿಂದ ಬಲ ಸೊಂಟದ ಎಲುಬಿನವರೆಗೆ
ಟೇಪು ಹಿಡಿದರು, ನಡುಗುವ ಕೈಯಲ್ಲೂ
ಮೈಗೆ ಸೋಕದಂತೆ, ಗಿರಾಕಿಗೆ ಹಿಡಿದಂತೆ.
"ಮೂವತ್ತೊಂದೂವರೆ. ಬರ್ಕೋ.
ಹೊಟ್ಟೆ ಮೇಲೆ ಬೇಡ, ಎಲುಬಿನ ಮೇಲೆ ಕೂರಲಿ."
ಎಳೆದರೆ ಅದೇ ಹೊಂದಿಕೊಳ್ಳುತ್ತೆ ಸಾರ್,
ಅನ್ನಲು ಬಾಯಿ ತೆರೆದ ಜಬೀವುಲ್ಲಾ
ಮುಚ್ಚಿದ. ಕಿವಿಯ ಹಿಂದಿನ ಪೆನ್ಸಿಲು ತೆಗೆದು
ಬರೆದುಕೊಂಡ.
ಊರವರ ಸೂಟೆಲ್ಲ ಮುಗಿದು
ದೀಪ ಆರಿಸುವ ಹೊತ್ತಿಗೆ ಅವಳ ರವಿಕೆ ಹೊಲಿದವರು,
ಅದೂ ಹಳೇ ರವಿಕೆ ಪಕ್ಕ ಇಟ್ಟುಕೊಂಡು.
"ಅರವತ್ತು ವರ್ಷಕ್ಕೆ ಅಳತೆ ತಗೊಂಡ್ರು"
ಅಂದಳು ಅಮ್ಮ, ನನಗಲ್ಲ, ಕನ್ನಡಿಗೆ.

ಟಕ್ ಅಂತ ಕೂತಿತು ಬಕಲ್ಲು.
ನೆರಿಗೆ ಮುದುಡುತ್ತೆ ಅಂದಳು. ಸೆರಗು ಜಗ್ಗುತ್ತೆ ಅಂದಳು.
ನಾನು ಗೇರು ಹಾಕಿದೆ.
ಮಿನರ್ವ ಬಂತು, ಹಸಿರು ದೀಪ,
ಬೆನ್ನಿಗೇ ಹಾರ್ನು ಹೊಡೆಯುವ ಬಸ್ಸು.
ತಿರುವಿದೆ. ಕತೆ ಯಾರೂ ಎತ್ತಲಿಲ್ಲ.
ಅಮ್ಮ ಏನೋ ಗೊಣಗಿದ ಹಾಗಿತ್ತು.
ಹಿಂದಿನ ಸೀಟಿನಿಂದ ಅಪ್ಪ ಬಗ್ಗಿದರು:
"ಏನಂತೀ?"

"ಬಾಗಿಲು ಅಲ್ಲಾಡ್ತಿದೆ ಅಂತಿದ್ದೆ, ಆವತ್ತು"
ಅಂದಳು ಅಮ್ಮ.
"ಈಗ ಇಲ್ಲ."